ಬಿಲ್ಲಿಲ್ಲದೆ ಬೆಳೆದ ಗಿಡ

ಬೆಂಗಳೂರಿನ ಕೆರೆಗಳಿಗೆ ಇರುವುದು ಎರಡೇ ಗಂಡಾಂತರ: ಒಂದು ಒತ್ತುವರಿ, ಇನ್ನೊಂದು ಪುನಶ್ಚೇತನ. ಮೊದಲನೆಯದರಿಂದ ತಪ್ಪಿಸಿಕೊಂಡ ಕೆರೆ ಎರಡನೆಯದರ ಕೈಗೆ ಸಿಗುತ್ತದೆ. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಪುಣ್ಯಮಾಡಿದ್ದವು, ಒಂದೇ ಸಲಕ್ಕೆ ಮುಗಿಯಿತು. ಉಳಿದವಕ್ಕೆ ಸಮಗ್ರ ಯೋಜನಾ ವರದಿ ಸಿದ್ಧವಾಗುತ್ತಿದೆ.

ನಮ್ಮ ಬಡಾವಣೆಯ ಕೆರೆಯನ್ನೇ ನೋಡಿ. ಒಳಚರಂಡಿ ಕೊಳವೆ ಹೂಳಲು ಬಂದ ಜೆಸಿಬಿ ಕೆರೆಯಂಚನ್ನೂ ಅದಕ್ಕೆ ಸೇರುವ ರಾಜಕಾಲುವೆಯ ದಡವನ್ನೂ ಉದ್ದಕ್ಕೆ ಬಗೆದು ಹೋಯಿತು. ಹೋಗಲಿ, ಕೊಳವೆ ಬೇಕೇ ಬೇಕು. ಅಗೆದ ಮಣ್ಣನ್ನು ತಟ್ಟಿ, ಮೊದಲು ಅಲ್ಲಿ ಏನಿತ್ತೋ ಅದನ್ನೇ ಮತ್ತೆ ನೆಟ್ಟಿದ್ದರೆ ಎರಡು ಮಳೆಗಾಲದಲ್ಲಿ ದಡ ತಾನೇ ಗಟ್ಟಿಯಾಗುತ್ತಿತ್ತು. ಇದ್ದದ್ದಾದರೂ ಏನು? ನೀರಿನೊಳಗೆ ಆಪು ಎಂಬ ಜೊಂಡು, ಅಂಚಿನಲ್ಲಿ ಕೊನ್ನಾರಿ ಮತ್ತು ಹೊನಗೊನೆ, ಮೇಲೆ ಲಕ್ಕಿಯ ಪೊದೆ, ಅದರಾಚೆ ಹೊಂಗೆ, ನೇರಳೆ. ಇವುಗಳ ದೊಡ್ಡ ದೋಷವೆಂದರೆ ಬೆಲೆಯಿಲ್ಲದಿರುವುದು. ದರಪಟ್ಟಿಯಲ್ಲಿ ಹೆಸರಿಲ್ಲದ ಗಿಡಕ್ಕೆ ಅಂದಾಜು ಬರೆಯುವುದು ಹೇಗೆ? ಬಿಲ್ಲಿಲ್ಲದೆ ಬೆಳೆದದ್ದು ಕಳೆ, ಬಿಲ್ಲಿನೊಂದಿಗೆ ಬಂದದ್ದು ಹಸಿರೀಕರಣ. ಆದ್ದರಿಂದ ಅಳಿದುಳಿದ ಆಪನ್ನೂ ‘ಕಳೆ ತೆರವು’ ಎಂಬ ಬಾಬ್ತಿನಲ್ಲಿ ಕಿತ್ತು ಸಾಗಿಸಿದರು. ಅದಕ್ಕೊಂದು ಬಿಲ್. ಖಾಲಿಯಾದ ಜಾಗಕ್ಕೆ ಹುಲ್ಲುಹಾಸು ತಂದು ಸುತ್ತಿಟ್ಟ ಜಮಖಾನದಂತೆ ಬಿಚ್ಚಿ ಹಾಸಿದರು. ಅದಕ್ಕಿನ್ನೊಂದು.

ಈ ಹುಲ್ಲುಹಾಸಿಗೆ ನೀರು ಟ್ಯಾಂಕರಿನಲ್ಲಿ ಬರುತ್ತದೆ. ಹಿಂದೆ ಕೆರೆ, ಮುಂದೆ ಟ್ಯಾಂಕರ್, ನಡುವೆ ಪೈಪು ಹಿಡಿದ ಮನುಷ್ಯ: ಈ ದೃಶ್ಯ ನೋಡಲೆಂದೇ ನಡಿಗೆಪಥ ಮಾಡಿರಬೇಕು. ಪಥದ ತಿರುವಿನಲ್ಲಿ ಒಂದು ಫೈಬರ್ ಕೊಕ್ಕರೆ ಒಂಟಿಗಾಲಿನಲ್ಲಿ ನಿಂತಿದೆ. ಆ ಕಾಲನ್ನು ಸಿಮೆಂಟ್ ಕಟ್ಟೆಗೆ ನಾಲ್ಕು ಬೋಲ್ಟುಗಳಿಂದ ಬಿಗಿದಿದ್ದಾರೆ. ಎರಡು ಬೋಲ್ಟುಗಳು ಆಗಲೇ ತುಕ್ಕು ಹಿಡಿದಿವೆ, ಮೂರನೆಯದನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ. ನಿಜವಾದ ಕೊಕ್ಕರೆಗೆ ಕಾಲೂರಲು ಮೊಣಕಾಲುದ್ದದ ನೀರು ಬೇಕು. ನಮ್ಮವರು ದಡವನ್ನು ಕಡಿದಾಗಿ ಕೊರೆದು ಕಲ್ಲು ಜೋಡಿಸಿದ್ದರಿಂದ ಅಂಚಿನಲ್ಲೇ ಆಳ. ಕೊಕ್ಕರೆ ಬರುವುದಿಲ್ಲವೆಂಬ ಮುಂದಾಲೋಚನೆಯಿಂದಲೇ ಫೈಬರಿನದಕ್ಕೆ ಅನುದಾನ ಇಟ್ಟಿದ್ದರೆಂದು ಕಾಣುತ್ತದೆ.

“ಸಾರ್, ಆಪು ನೀರನ್ನು ಶುದ್ಧ ಮಾಡುತ್ತದಂತಲ್ಲ?” ಎಂದು ಕಾಮಗಾರಿ ನೋಡಿಕೊಳ್ಳುತ್ತಿದ್ದ ಎಂಜಿನಿಯರನ್ನು ಕೇಳಿದೆ. “ಅದಕ್ಕೆ ಬೇರೆ ಟೆಂಡರ್ ಇದೆ” ಎಂದರು.

ಆಪಿನ ಕೆಲಸ ಟೆಂಡರಿಗೆ ಹೊಂದುವಂಥದ್ದಲ್ಲ ನಿಜ. ಗಾಳಿಯಾಡದ ಕೆಸರಿಗೆ ಅದು ತನ್ನ ಎಲೆಯೊಳಗಿನ ಗಾಳಿಗೂಡುಗಳ ಮೂಲಕ ಆಮ್ಲಜನಕ ಇಳಿಸುತ್ತದೆ. ಬೇರಿಗೆ ಅಂಟಿ ಬದುಕುವ ಸೂಕ್ಷ್ಮಾಣುಗಳು ಕೊಳಚೆಯನ್ನು ಅರಗಿಸುತ್ತವೆ. ಸಾರಜನಕ, ರಂಜಕಗಳನ್ನು ಗಿಡ ತಾನು ಹೀರಿ ಬೆಳೆಯುತ್ತದೆ. ಆಗಾಗ ಕೊಯ್ಯಬೇಕು, ಇಲ್ಲವಾದರೆ ಅಲ್ಲೇ ಕೊಳೆತು ಹೀರಿದ್ದನ್ನೆಲ್ಲ ಮರಳಿ ನೀರಿಗೇ ಬಿಡುತ್ತದೆ. ಹಿಂದೆ ಚಾಪೆ ಹೆಣೆಯುವವರು ಕೊಯ್ದುಕೊಂಡು ಹೋಗುತ್ತಿದ್ದರು, ಯಾರಿಗೂ ಬಿಲ್ ಕೊಡದೆ. ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದ ನೀರನ್ನು ಇಂಥ ಜೌಗಿನ ಮೂಲಕ ಹಾಯಿಸಿಯೇ ಕೆರೆಗೆ ಬಿಡುವ ಏರ್ಪಾಡು ಮಾಡಿದರು. ಅಂದರೆ ವಿದ್ಯೆ ಊರಿನಲ್ಲೇ ಇದೆ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿದ್ದನ್ನು ಕಣ್ಣಾರೆ ಕಂಡವರಿಗೆ ಇಷ್ಟು ಸಾಲದೇ ಹೋಯಿತು.

ರಾಜಕಾಲುವೆಯ ಪಾಡಂತೂ ಕೇಳಬೇಡಿ. ಎರಡು ಬದಿಗೆ ಕಾಂಕ್ರೀಟ್ ಗೋಡೆ, ತಳಕ್ಕೂ ಕಾಂಕ್ರೀಟ್. ಇಂಗಲು ಜಾಗವಿಲ್ಲದ ನೀರು, ತಡೆಯಲು ಬೇರೂ ಹುಲ್ಲೂ ಇಲ್ಲವೆಂದು ಖಚಿತಪಡಿಸಿಕೊಂಡು, ಓಡೋಡಿ ಕೆಳಗಿನ ಬಡಾವಣೆಯವರ ಮನೆಗೆ ಹೋಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಐಟಿ ನೌಕರರು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದರಲ್ಲ, ಅವರಿಗಾದರೂ ನೆನಪಿರಬೇಕು. ನಮ್ಮ ಕಡೆಯ ಗೋಡೆಯ ಮೇಲೆ ಈಗ ಹೊಂಗೆ ಮರದ ಚಿತ್ರ ಬರೆಸಿದ್ದಾರೆ. ಎಲೆ ಉದುರುವುದಿಲ್ಲ, ವಿದ್ಯುತ್ ತಂತಿಗೆ ತಗಲುವುದಿಲ್ಲ. ಮರದ ಕೆಳಗೆ ‘ಪರಿಸರ ಉಳಿಸಿ’ ಎಂದಿದೆ, ಅದರ ಕೆಳಗೆ ಶಾಸಕರ ಭಾವಚಿತ್ರ. ನೆರಳಿನಲ್ಲಿ ನಿಂತವರು ಅವರೊಬ್ಬರೇ.

ಇನ್ನು ದಡ ಎಲ್ಲಿಗೆ ಮುಗಿಯುತ್ತದೆ ಎಂಬ ಪ್ರಶ್ನೆ. ಕೆರೆಯ ಸುತ್ತ 75 ಮೀಟರ್ ಬಿಡಿ ಎಂದು 2016ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು. ಆ ಆದೇಶ ನಿಲ್ಲದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈ ಮೂರು ವರ್ಷಗಳಲ್ಲಿ ಎಲ್ಲಿ ಮೊಟ್ಟೆಯಿಡಬೇಕೆಂದು ಕಪ್ಪೆಗಳು ಯಾವ ವಕೀಲರನ್ನು ವಿಚಾರಿಸಿದವೋ ಗೊತ್ತಿಲ್ಲ.

ನನ್ನದೊಂದು ಸಲಹೆಯಿದೆ. ಆಪಿಗೆ ಪ್ರಥಮ ದರ್ಜೆ ಗುತ್ತಿಗೆದಾರರ ಪರವಾನಗಿಯನ್ನೂ ಒಂದು ಜಿಎಸ್‌ಟಿ ಸಂಖ್ಯೆಯನ್ನೂ ಕೊಡಿಸಿಬಿಡೋಣ. ಹೊಂಗೆಗೆ ಉಪಗುತ್ತಿಗೆ, ಲಕ್ಕಿಗೆ ದಿನಗೂಲಿ. ನೀರು ಶುದ್ಧೀಕರಣ, ದಡ ರಕ್ಷಣೆ, ಪಕ್ಷಿಧಾಮ ನಿರ್ಮಾಣ ಮೂರಕ್ಕೂ ಸೇರಿ ಸೊನ್ನೆ ರೂಪಾಯಿಗೆ ಅದು ಬಿಡ್ ಹಾಕಲಿ. ಕಡಿಮೆ ದರದವರಿಗೇ ಕಾಮಗಾರಿ ಎಂಬುದು ನಿಯಮವಲ್ಲವೇ?

ಆಗುವುದಿಲ್ಲವಂತೆ. ವಿಚಾರಿಸಿದೆ. ಕಳೆದ ಮೂರು ವರ್ಷಗಳ ವಹಿವಾಟಿನ ದಾಖಲೆ ಲಗತ್ತಿಸದ ಅರ್ಜಿಯನ್ನು ತಾಂತ್ರಿಕ ಹಂತದಲ್ಲೇ ತಿರಸ್ಕರಿಸುತ್ತಾರೆ.