ಸಹಿ ನನ್ನದು, ಕೈ ಯಾರದೋ

ನಾನು ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯ ಡೈರೆಕ್ಟರ್. ಕೇಳೋದಕ್ಕೆ ದೊಡ್ಡದು. ಪೀಣ್ಯದಲ್ಲಿ ಒಂದು ಶೆಡ್, ಎರಡು ಲೇತ್ ಮೆಷಿನ್, ಆರು ಜನ ಹುಡುಗರು, ಅಷ್ಟೇ. ಇಂಥ ಕಂಪನಿಗೆ ಕಡಿಮೆ ಅಂದರೂ ಇಬ್ಬರು ಡೈರೆಕ್ಟರ್ ಇರಲೇಬೇಕು ಅನ್ನುತ್ತದೆ ಕಾನೂನು. ಎರಡನೆಯವರನ್ನು ಎಲ್ಲಿಂದ ತರೋದು? ಮನೆಯಲ್ಲೇ ಇದ್ದಳು. ಸಹಿ ಹಾಕು ಅಂದೆ, ಹಾಕಿದಳು.

ಹೋದ ವರ್ಷ ಟಿಡಿಎಸ್ ನೋಟಿಸ್ ಬಂತು. ಟಿಡಿಎಸ್ ಅಂದರೆ ಬೇರೆಯವರಿಗೆ ದುಡ್ಡು ಕೊಡುವಾಗ ನಾವೇ ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟುವ ತೆರಿಗೆ. ಹಿಡಿದ ತೆರಿಗೆ 14,000 ರೂಪಾಯಿ. ಅದನ್ನು ಟೈಮಿಗೆ ಸರಿಯಾಗಿ ಕಟ್ಟಿಯೂ ಆಗಿತ್ತು. ಕಟ್ಟಿದ್ದೇವೆ ಅಂತ ಹೇಳುವ ರಿಟರ್ನ್ ಮಾತ್ರ 96 ದಿನ ಲೇಟು. ದಿನಕ್ಕೆ 200ರಂತೆ 19,200 ಆಗಬೇಕಿತ್ತು. ಆದರೆ ಲೇಟ್ ಫೀ ತೆರಿಗೆಯನ್ನು ಮೀರುವ ಹಾಗಿಲ್ಲವಂತೆ. ಅದಕ್ಕೇ ದೊಡ್ಡ ಮನಸ್ಸು ಮಾಡಿ 14,000ಕ್ಕೇ ನಿಲ್ಲಿಸಿದ್ದರು. ದುಡ್ಡು ಕಟ್ಟಿದ್ದಕ್ಕೆ ಒಂದು 14,000, ಕಟ್ಟಿದ್ದನ್ನು ತಡವಾಗಿ ಹೇಳಿದ್ದಕ್ಕೆ ಇನ್ನೊಂದು.

ತಪ್ಪು ನನ್ನದಲ್ಲ ಅನ್ನೋದು ನನಗೆ ನೋಟಿಸ್ ಓದುವ ಮೊದಲೇ ಗೊತ್ತಿತ್ತು. ಶನಿವಾರ ಶನಿವಾರ ಬರುವ ಪಾರ್ಟ್‌ಟೈಮ್ ಅಕೌಂಟೆಂಟ್‌ಗೆ ಫೋನ್ ಮಾಡಿದೆ. "ನಾನು ಟ್ಯಾಲಿ ಎಂಟ್ರಿ ಅಷ್ಟೇ ಸಾರ್, ಫೈಲಿಂಗ್ ಎಲ್ಲ ಆಡಿಟರ್ ಆಫೀಸು" ಅಂದ. ಆಡಿಟರ್ ಆಫೀಸಿಗೆ ಹೊರಟೆ. ನೋಟಿಸ್‌ನಲ್ಲಿ ತನ್ನ ಹೆಸರೂ ಇದೆಯಾ ನೋಡಬೇಕು ಅಂತ ಎರಡನೇ ಡೈರೆಕ್ಟರ್ ಕೂಡ ಜೊತೆಗೆ ಬಂದಳು.

ಆಡಿಟರ್ ಸಾಹೇಬರು ಕಾಫಿ ತರಿಸಿದರು. ಕಾಫಿ ಬಂತು ಅಂದರೆ ಬಿಲ್ ನಮ್ಮದೇ ಅಂತ ಅರ್ಥ.

"ನೀವು ಡೇಟಾ ಕೊಡಲೇ ಇಲ್ಲವಲ್ಲ ಸಾರ್."

"ವಾಟ್ಸಾಪ್‌ನಲ್ಲಿ ಹಾಕಿದ್ದೆನಲ್ಲ!"

"ಅದು ಗುಡ್ ಮಾರ್ನಿಂಗ್ ಮೆಸೇಜು."

ಫೋನ್ ತೆಗೆದು ನೋಡಿದೆ. ಹೌದು, ಸೂರ್ಯೋದಯ, ಕೆಳಗೆ ಎರಡು ಗುಲಾಬಿ.

ಆಮೇಲೆ ಅವರು ಮೇಜಿನ ಕೆಳಗಿಂದ ನನ್ನದೇ ಮೈಸೂರು ಪಾಕ್ ಡಬ್ಬ ತೆಗೆದರು. ವರ್ಷದ ಬಿಲ್‌ಗಳನ್ನೆಲ್ಲ ಅದರಲ್ಲಿ ತುಂಬಿ ನಾನೇ ಸೆಪ್ಟೆಂಬರ್ 28ಕ್ಕೆ ತಂದುಕೊಟ್ಟಿದ್ದೆ. ಪೆಟ್ರೋಲ್ ಬಂಕಿನ ಚೀಟಿಗಳ ಅಕ್ಷರ ಎಲ್ಲ ಅಳಿಸಿ ಬರೀ ಬಿಳಿ ಕಾಗದ ಉಳಿದಿತ್ತು. ಅವರು ಒಂದನ್ನು ಟ್ಯೂಬ್‌ಲೈಟಿಗೆ ಹಿಡಿದು ಜಾತಕ ನೋಡುವವರ ಹಾಗೆ ನೋಡಿದರು. ತುಪ್ಪ ಹೀರಿದ ಬಿಲ್‌ಗಳು ಮಾತ್ರ ಸ್ವಲ್ಪ ಗಟ್ಟಿಮುಟ್ಟಾಗಿದ್ದವು.

"ಸರಿ, ಡೇಟಾ ಲೇಟು. ಆದ್ರೆ 96 ದಿನಾನಾ?" ಅಂತ ನಾನೂ ಬಿಡಲಿಲ್ಲ. ನಮ್ಮ ಫೈಲ್ ನೋಡುತ್ತಿದ್ದ ಆರ್ಟಿಕಲ್ ಹುಡುಗ, ಅಂದರೆ ಸಿಎ ಓದುತ್ತಾ ಅಲ್ಲೇ ಕೆಲಸ ಕಲಿಯುವವನು, ಎಕ್ಸಾಮ್ ರಜೆಯಲ್ಲಿದ್ದನಂತೆ. ಅವನ ಜಾಗಕ್ಕೆ ಬಂದವನು ಹಾಕಲು ಹೋದಾಗ ಪೋರ್ಟಲ್ ಗಿರಗಿರ ಸುತ್ತಿತಂತೆ. ಕೊನೆಗೆ ತಪ್ಪೆಲ್ಲ ಸರ್ವರ್ ಮೇಲೆ ಹೋಗಿ ಕೂತಿತು. ಸರ್ವರ್‌ಗೆ ಕಾಫಿ ಕೊಟ್ಟು ವಿಚಾರಿಸುವ ಹಾಗಿಲ್ಲ. ಇಬ್ಬರಿಗೂ ಸಮಾಧಾನವಾಯಿತು.

ಇವಳಿಗೆ ಆಗಲಿಲ್ಲ. "ರಿಟರ್ನ್‌ಗೆ ಸಹಿ ಯಾರು ಹಾಕೋದು?" ಅಂದಳು.

ಆಡಿಟರ್ ಸಾಹೇಬರು ಡ್ರಾಯರ್ ಎಳೆದರು. ಒಳಗೆ ಪ್ಲಾಸ್ಟಿಕ್ ಡಬ್ಬ, ಅದರ ತುಂಬ ಪೆನ್‌ಡ್ರೈವ್‌ನಂಥವು, ಒಂದೊಂದರ ಮೇಲೂ ಮಾರ್ಕರ್‌ನಲ್ಲಿ ಬರೆದ ಹೆಸರು. ಊರಿನ ಅರ್ಧ ಉದ್ಯಮಿಗಳ ಡಿಜಿಟಲ್ ಸಹಿ ಅಲ್ಲಿ ಅಕ್ಕಪಕ್ಕ ಮಲಗಿತ್ತು. ಇವಳದೂ ಒಂದಿತ್ತು. ತನಗೆ ಅಂಥದ್ದೊಂದು ಇದೆ ಅಂತ ಅವಳಿಗೆ ಗೊತ್ತಾದದ್ದೇ ಆವತ್ತು. ಪಾಸ್‌ವರ್ಡ್ ಏನು ಅಂತ ಕೇಳಿದಳು. ಒಂದರಿಂದ ಎಂಟು, ಎಲ್ಲರದೂ ಅದೇ.

ಅಷ್ಟರಲ್ಲಿ ಹೊಸ ಹುಡುಗ ಬಾಗಿಲಲ್ಲಿ ತಲೆ ಹಾಕಿ, "ಸಾರ್, ಇವರ ಆರ್‌ಒಸಿ ಫಾರಂ ಕೂಡ ಪೆಂಡಿಂಗ್" ಅಂದ. ಆರ್‌ಒಸಿ ಅಂದರೆ ಕಂಪನಿಗಳ ರಿಜಿಸ್ಟ್ರಾರ್, ವರ್ಷಾ ವರ್ಷ ಅಲ್ಲಿಗೂ ಲೆಕ್ಕ ಒಪ್ಪಿಸಬೇಕು. ಎರಡು ಫಾರಂ, ಒಂದು 310 ದಿನ ಲೇಟು, ಇನ್ನೊಂದು 280. ತಲಾ ದಿನಕ್ಕೆ 100ರ ಲೆಕ್ಕದಲ್ಲಿ 59,000 ರೂಪಾಯಿ. ಇದಕ್ಕೆ ಗರಿಷ್ಠ ಮಿತಿ ಅಂತ ಏನೂ ಇಲ್ಲ. ನಾವು ಮಲಗಿದ್ದಾಗಲೂ ಓಡುವ ಆಟೋ ಮೀಟರ್ ಇದು.

ಫಾರಂ ಜೊತೆ ಕಳಿಸಬೇಕಾದ ಕಾಗದಗಳನ್ನು ಹುಡುಗ ಸಹಿಗೆ ಅಂತ ತಂದಿಟ್ಟ. ಸಹಿ ಹಾಕುವ ಮೊದಲು ಓದುವ ಕೆಟ್ಟ ಅಭ್ಯಾಸ ಇವಳಿಗೆ. ಸೆಪ್ಟೆಂಬರ್ 30ರ ಬೆಳಿಗ್ಗೆ 11ಕ್ಕೆ ನಮ್ಮ ಮನೆಯಲ್ಲಿ ವಾರ್ಷಿಕ ಮಹಾಸಭೆ ನಡೆದಿತ್ತು. ಕೋರಂ ಇತ್ತು, ಇಬ್ಬರೂ ಹಾಜರು. ಲೆಕ್ಕಪತ್ರ ಅಂಗೀಕರಿಸಬೇಕು ಅಂತ ಸೂಚಿಸಿದವನು ನಾನು, ಅನುಮೋದಿಸಿದವಳು ಇವಳು. ಕೊನೆಗೆ ವಂದನಾರ್ಪಣೆ.

"ರೀ, ಆವತ್ತು ನಾವು ತುಮಕೂರಲ್ಲಿ ಮದುವೆ ಊಟ ಮಾಡ್ತಾ ಇದ್ವಲ್ಲ?"

ನಾನು ಕಾಫಿ ಲೋಟದೊಳಗೆ ನೋಡಿದೆ. ಅವಳು ಪುಟ ತಿರುವಿದಳು. ಡೈರೆಕ್ಟರುಗಳ ವರದಿಯಲ್ಲಿ ಒಂದು ಸಾಲು: ಎಲ್ಲ ಕಾನೂನುಗಳ ಪಾಲನೆಗೆ ನಾವು ಸರಿಯಾದ ವ್ಯವಸ್ಥೆ ಮಾಡಿದ್ದೇವೆ, ಅದು ಚೆನ್ನಾಗಿ ಕೆಲಸ ಮಾಡುತ್ತಿದೆ. ಹಾಗಂತ ಬರೆದು ಸಹಿ ಹಾಕಬೇಕು ಅಂತ ಕಂಪನಿ ಕಾಯ್ದೆಯೇ ಹೇಳುತ್ತದೆ. ಇವಳು ಆ ಸಾಲು ಓದಿ ಮೈಸೂರು ಪಾಕ್ ಡಬ್ಬದ ಕಡೆ ನೋಡಿದಳು. ಇನ್ನೊಂದು ಹಾಳೆ ಆಡಿಟರ್ ವರದಿ. ಲೆಕ್ಕ ತಯಾರಿಸುವ ಹೊಣೆ ಕಂಪನಿಯದು, ಅಭಿಪ್ರಾಯ ಹೇಳೋದಷ್ಟೇ ನಮ್ಮದು, ಅಂತ ಅದರಲ್ಲಿ ಕಪ್ಪು ಬಿಳುಪಲ್ಲಿ ಇತ್ತು. ಬೆಳಿಗ್ಗೆಯಿಂದ ನಾವು ಜಗಳ ಆಡುತ್ತಿದ್ದ ಪ್ರಶ್ನೆಗೆ ಉತ್ತರ ವರ್ಷಾ ವರ್ಷ ಪ್ರಿಂಟಾಗಿ, ನನ್ನ ಸಹಿಯೂ ಬಿದ್ದು ಫೈಲಿನಲ್ಲಿ ಕೂತಿತ್ತು.

"ಹಾಗಾದ್ರೆ ನಿಮಗೆ ಏನೂ ದಂಡ ಇಲ್ವಾ ಸಾರ್?" ಅಂತ ಕೇಳಿಯೇ ಬಿಟ್ಟಳು.

ಇದೆಯಂತೆ. 1961ರ ಆದಾಯ ತೆರಿಗೆ ಕಾಯ್ದೆಗೆ 2017ರಲ್ಲಿ 271ಜೆ ಅಂತ ಒಂದು ಸೆಕ್ಷನ್ ಸೇರಿಸಿದರು. ಆಡಿಟರ್ ಕೊಟ್ಟ ವರದಿಯಲ್ಲಿ ತಪ್ಪು ಮಾಹಿತಿ ಇದ್ದರೆ ವರದಿಗೆ 10,000 ರೂಪಾಯಿ. ವರದಿ ಕೊಟ್ಟರೆ ತಾನೇ ತಪ್ಪು? ಕೊಡದೇ ಕೂತವರಿಗೆ ಆ ಸೆಕ್ಷನ್‌ನಲ್ಲಿ ಏನೂ ಇಲ್ಲ. ಡೈರೆಕ್ಟರುಗಳ ಕಥೆ ಬೇರೆ. ಪ್ರೈವೇಟ್ ಕಂಪನಿಯ ತೆರಿಗೆ ಕಂಪನಿಯಿಂದ ವಸೂಲಾಗದಿದ್ದರೆ ಅವರ ಕೈಯಿಂದಲೇ ವಸೂಲು ಮಾಡಬಹುದು. ನಮ್ಮ ಕಡೆಯಿಂದ ಭಾರಿ ನಿರ್ಲಕ್ಷ್ಯ ಆಗಿಲ್ಲ ಅಂತ ಅವರೇ ಸಾಬೀತು ಮಾಡಿದರೆ ಮಾತ್ರ ಬಚಾವು. ಇವಳು ನನ್ನ ಮುಖ ನೋಡಿದಳು. ಮದುವೆಯಾಗಿ 22 ವರ್ಷ, ಅಂಥ ನೋಟ ನೋಡಿರಲಿಲ್ಲ.

ವಾಪಸು ಬರುವಾಗ ತನ್ನ ಸಹಿಯನ್ನು ಡಬ್ಬದಿಂದ ಆರಿಸಿ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡಳು. ಆಡಿಟರ್ ಸಾಹೇಬರು ಏನೋ ಹೇಳಲು ಹೋಗಿ ಸುಮ್ಮನಾದರು.

ಮೊನ್ನೆ ನಮ್ಮಿಬ್ಬರ ಫೋನಿಗೂ ಒಟಿಪಿ ಬಂತು. ನಾನು ಯಾತಕ್ಕೆ ಅಂತ ನೋಡದೆ ಆಡಿಟರ್ ಆಫೀಸಿಗೆ ಫಾರ್ವರ್ಡ್ ಮಾಡಿದೆ, ಅಭ್ಯಾಸಬಲ. ಇವಳದು ಇನ್ನೂ ಹೋಗಿಲ್ಲ. ಹುಡುಗ ಮೂರು ಸಲ ಫೋನ್ ಮಾಡಿದ್ದಾನೆ. "ಮೇಡಂ, ಹತ್ತು ನಿಮಿಷದಲ್ಲಿ ಎಕ್ಸ್‌ಪೈರ್ ಆಗುತ್ತೆ" ಅಂತ ಅವನು, "ಯಾವ ಫಾರಂ ಅಂತ ಮೊದ್ಲು ಹೇಳಪ್ಪ" ಅಂತ ಇವಳು. ಅವನಿಗೂ ಗೊತ್ತಿಲ್ಲವಂತೆ, ಸಾರ್‌ನ ಕೇಳಿ ಹೇಳ್ತೀನಿ ಅಂದಿದ್ದಾನೆ. ಸಾರ್ ಮೀಟಿಂಗ್‌ನಲ್ಲಿದ್ದಾರೆ. ನೂರು ರೂಪಾಯಿ ಮೀಟರ್ ಓಡುತ್ತಿದೆ.