39 ನಿಮಿಷದ ದಾರಿ

ಶಿವಮೊಗ್ಗದ ಭಾವನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಹೋದ ಭಾನುವಾರ ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಹಿಂದಿನ ರಾತ್ರಿ ಒಂದು ಸ್ಕ್ರೀನ್‌ಶಾಟ್ ಕಳಿಸಿದರು. ಯಾವುದೋ ವೆಬ್‌ಸೈಟಿನದ್ದು. ಮಂಗಳೂರು ವಿಮಾನ ನಿಲ್ದಾಣದಿಂದ ಶಿವಮೊಗ್ಗ ವಿಮಾನ ನಿಲ್ದಾಣಕ್ಕೆ 126 ಕಿ.ಮೀ., ಹಾರಾಟದ ಸಮಯ 39 ನಿಮಿಷ. ಎರಡೂ ಊರಿನ ಗಡಿಯಾರಕ್ಕೆ ವ್ಯತ್ಯಾಸವಿಲ್ಲ ಅಂತ ಕೆಳಗೆ ಬೇರೆ ಬರೆದಿತ್ತು. ಪುಣ್ಯ, ತೀರ್ಥಹಳ್ಳಿಯಲ್ಲಿ ವಾಚು ತಿರುಗಿಸುವ ಕೆಲಸ ಉಳಿಯಿತು.

ಎಲ್ಲ ಸರಿ, ವಿಮಾನ ಎಲ್ಲಿದೆ? ಈ ವೆಬ್‌ಸೈಟುಗಳು ಮ್ಯಾಪಿನ ಮೇಲೆ ನೇರ ಗೆರೆ ಎಳೆಯುತ್ತವೆ. ಗಂಟೆಗೆ 800 ಕಿ.ಮೀ. ಲೆಕ್ಕ ಹಾಕುತ್ತವೆ. ಏರೋದಕ್ಕೆ, ಇಳಿಯೋದಕ್ಕೆ ಅಂತ ಅರ್ಧ ಗಂಟೆ ಸೇರಿಸುತ್ತವೆ. ಆ ಗೆರೆ ಮೇಲೆ ವಿಮಾನ ಓಡುತ್ತಾ ಇಲ್ವಾ ಅನ್ನೋದು ಅವಕ್ಕೆ ಬೇಕಿಲ್ಲ. ವಿಮಾನದಲ್ಲೇ ಹೋಗ್ತೇನೆ ಅಂತ ಹಟ ಹಿಡಿದರೆ ಬೆಂಗಳೂರಿಗೆ 300 ಕಿ.ಮೀ. ಹಾರಿ, ಅಲ್ಲಿ ಕಾದು ಕೂತು, ಮತ್ತೆ 240 ಕಿ.ಮೀ. ಈ ಕಡೆಗೇ ಬರಬೇಕು. ಅಷ್ಟರಲ್ಲಿ ಮುಂದಿನ ಪೂಜೆಗೆ ಹೇಳಿಕೆ ಬಂದಿರುತ್ತದೆ.

ಭಾವನಿಗೆ ಇದೆಲ್ಲ ಗೊತ್ತಿಲ್ಲ ಅಂತಲ್ಲ. 2023ರಲ್ಲಿ ಸೋಗಾನೆಯಲ್ಲಿ ನಿಲ್ದಾಣ ಶುರುವಾದಾಗಿನಿಂದ ಅವರು ಹೀಗೇ. ರನ್‌ವೇ 3.2 ಕಿ.ಮೀ. ಉದ್ದ ಅಂತ ಹಾಲು ಹಾಕುವವನಿಗೂ ಹೇಳಿದ್ದಾರೆ. ಅವರಿಗೆ ಊರುಗಳ ಮಧ್ಯೆ ಈಗ ರಸ್ತೆಯೇ ಇಲ್ಲ, ಬರೀ ಗೆರೆ.

ಬೆಳಿಗ್ಗೆ ಕಾರ್ಕಳ ದಾಟುವಾಗ ಮೊದಲ ಫೋನ್. "ಎಲ್ಲಿದ್ದೀಯ?" ಕಾರ್ಕಳ ಅಂದೆ. "ಇನ್ನೂ ಕಾರ್ಕಳವಾ? ಇಷ್ಟೊತ್ತಿಗೆ ಇಳಿದಿರಬೇಕಿತ್ತು." ಹೆಬ್ರಿಯಲ್ಲಿ ಮತ್ತೆ ಫೋನ್. ಸೋಮೇಶ್ವರದಲ್ಲಿ ಮತ್ತೆ. ಆಗುಂಬೆ ಘಾಟಿ ಹತ್ತುವಾಗ ಎದುರಿಗೆ ಮಿನಿ ಬಸ್ಸು, ಗಾಜಿನ ಮೇಲೆ ಜಡಿಮಳೆ, ಹಿಂದಿನ ಸೀಟಿನಲ್ಲಿ ನಿಂಬೆಹಣ್ಣು ಮೂಸುತ್ತಾ ಕೂತ ಅಮ್ಮ. ಮಗ ತಿರುವು ಎಣಿಸುತ್ತಿದ್ದ. ಒಂಬತ್ತಕ್ಕೆ ಬರುವಾಗ ಫೋನ್ ರಿಂಗಾಯಿತು. ಆ ಘಾಟಿಯಲ್ಲಿ ಅವಸರಕ್ಕೆ ಬೇಕಾದಾಗ ನೆಟ್‌ವರ್ಕ್ ಸಿಕ್ಕಿದ್ದಿಲ್ಲ, ಭಾವನಿಗೆ ಮಾತ್ರ ಸಿಗುತ್ತದೆ! "ಅಲ್ಲ ಮಾರಾಯ, ಈಗ ನೀನು ಹೋಗಿ ವಾಪಸ್ ಬಂದು ಮತ್ತೆ ಹೋಗಬಹುದಿತ್ತು." ಮಗನಿಗೆ ಲೆಕ್ಕ ತಪ್ಪಿತು. ಮತ್ತೆ ಒಂದರಿಂದ ಎಣಿಸುತ್ತೇನೆ, ಕಾರು ಕೆಳಗೆ ಇಳಿಸು ಅಂತ ಹಟ ಹಿಡಿದ.

ಫೋನ್ ಇಟ್ಟ ಮೇಲೆ ಅಮ್ಮ ಕೇಳಿದಳು, "ಎಷ್ಟು ಕಿಲೋಮೀಟರ್ ಅಂದ್ರು?" 126 ಅಂದೆ. "ಅಷ್ಟೇನಾ?" ಅಂದು ಸುಮ್ಮನಾದಳು. ಅಕ್ಕ ಮದುವೆಯಾಗಿ ಘಟ್ಟ ಹತ್ತಿದ ದಿನ ಅಮ್ಮ ಅತ್ತದ್ದು ನೋಡಿದವರು ಮಗಳನ್ನು ಅಮೆರಿಕಕ್ಕೆ ಕೊಟ್ಟಿದ್ದಾರೆ ಅಂದುಕೊಂಡಿರಬೇಕು. ಆಗ ಅಕ್ಕನ ಕಾಗದ ಬರೋದೇ ದೊಡ್ಡ ಸುದ್ದಿ. ಈಗ ಎಲ್ಲರ ಹತ್ತಿರವೂ ಫೋನಿದೆ, ಕಾರಿದೆ. ಆದರೂ ಪೂಜೆ ಇದ್ದರೆ ಮಾತ್ರ ಹೋಗೋದು.

ತಲುಪುವಾಗ ಮಂಗಳಾರತಿ ಆಗಿ, ಒಂದು ಪಂಕ್ತಿ ಊಟವೂ ಎದ್ದಿತ್ತು. ಎಲೆ ಮುಂದೆ ಕೂತರೂ ಭಾವ ಬಿಡಲಿಲ್ಲ. ಮೊಬೈಲ್ ಹಿಡಿದು ಪಕ್ಕಕ್ಕೇ ಬಂದರು. "ನೋಡಿಲ್ಲಿ, ಹುಬ್ಬಳ್ಳಿಗಾದರೆ..." ಅಕ್ಕ ಆ ಮೊಬೈಲ್ ಕಿತ್ತುಕೊಂಡು ಕೈಗೆ ತುಪ್ಪದ ಮಿಳ್ಳೆ ಕೊಟ್ಟಳು. "ಹೋಳಿಗೆಗೆ ತುಪ್ಪ ಬಡಿಸಿ. ಆ ತುದಿ ಎಲೆ ಮುಟ್ಟೋಕೆ ನಿಮಗೆ ಎಷ್ಟು ನಿಮಿಷ ಬೇಕು ಅಂತ ನಾನು ನೋಡ್ತೇನೆ."