ಕಲ್ಲಿನ ಸದ್ದು ಗೊತ್ತಿದ್ದ ಹುಡುಗ

ಹಾಸ್ಟೆಲ್ ಮಕ್ಕಳ ಬಗ್ಗೆ ಬರೆಯುವ ಕಾಗದಗಳಲ್ಲಿ ಒಂದು ಪದ ತಪ್ಪದೆ ಇರುತ್ತದೆ: ಫಲಾನುಭವಿ. ಬ್ಯಾಗಿಗೂ ಫಲಾನುಭವಿ, ಬೂಟಿಗೂ ಫಲಾನುಭವಿ. ದಾನಿಗಳು ಬರುತ್ತಾರೆ, ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ ಕೈಗೊಂದು ನೋಟ್‌ಬುಕ್ ಕೊಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಹತ್ತು ವರ್ಷ ತುಂಬುವಷ್ಟರಲ್ಲಿ ಕೈಚಾಚಿ ನಿಲ್ಲುವುದು ಆ ಮಕ್ಕಳ ಮೈಗೆ ರೂಢಿಯಾಗಿರುತ್ತದೆ. ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ನಾಲ್ಕು ವರ್ಷಗಳಿಂದ ನಾವೊಂದಷ್ಟು ಗೆಳೆಯರು ಇಂಥ ಮಕ್ಕಳನ್ನು ರಾಮನಗರದ ಕಡೆಯ ಬಂಡೆಗಳಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಮೊದಲ ವರ್ಷದ ಒಂದು ಬೆಳಗ್ಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ತರಬೇತುದಾರರು ಎಲ್ಲಿ ಕೈಯಿಡಬೇಕೆಂದು ತೋರಿಸುತ್ತಿದ್ದರು. ತರಗತಿಯಲ್ಲಿ ಬಾಯಿಯೇ ಬಿಡದ ಏಳನೇ ಕ್ಲಾಸಿನ ಹುಡುಗನೊಬ್ಬ ಮುಂದೆ ಬಂದು, ಬಂಡೆಯಿಂದ ಎದ್ದು ನಿಂತಿದ್ದ ಒಂದು ಚಕ್ಕೆಯನ್ನು ಗೆಣ್ಣಿನಿಂದ ತಟ್ಟಿ, ‘ಸಾ, ಇದು ಪೊಳ್ಳು, ಹಿಡೀಬ್ಯಾಡಿ’ ಅಂದ. ಅವನ ಅಪ್ಪ ಅಮ್ಮ ಇಬ್ಬರೂ ಕ್ವಾರಿಯಲ್ಲಿ ಕಲ್ಲು ಒಡೆಯುವವರು. ತರಬೇತುದಾರರು ತಾವೂ ತಟ್ಟಿ ನೋಡಿದರು. ಗಟ್ಟಿ ಕಲ್ಲಿನ ಟಣ್ ಸದ್ದಿಲ್ಲ, ಡಬ್ ಡಬ್ ಅನ್ನುತ್ತಿದೆ. ಆ ದಾರಿಯನ್ನೇ ಬಿಟ್ಟು ಹಗ್ಗವನ್ನು ಆಚೆ ಬದಿಗೆ ಇಳಿಬಿಟ್ಟರು. ಆಮೇಲೆ ಮಧ್ಯಾಹ್ನದವರೆಗೂ ಮಕ್ಕಳು ಕೈಯಿಡುವ ಮುಂಚೆ ಅವನ ಮುಖ ನೋಡುತ್ತಿದ್ದರು. ಅಪ್ಪನ ಕೆಲಸ ಏನೆಂದು ಕೇಳಿದರೆ ತಲೆ ತಗ್ಗಿಸುತ್ತಿದ್ದ ಹುಡುಗ ಅವನು.

ಬಂಡೆ ಹತ್ತುವುದಕ್ಕಿಂತ ಕೆಳಗೆ ನಿಂತು ಹಗ್ಗ ಹಿಡಿಯುವುದು ದೊಡ್ಡದು ಅಂತ ನನಗನ್ನಿಸುತ್ತದೆ. ಬಿಲೇ ಅನ್ನುತ್ತಾರೆ. ಮೇಲಿರುವವಳು ಜಾರಿದರೆ ಕೆಳಗಿರುವವಳ ಕೈಯೇ ಅವಳನ್ನು ಕಾಯಬೇಕು. ಮಗುವಿನ ಹಿಂದೆ ದೊಡ್ಡವರೊಬ್ಬರು ಹಗ್ಗದ ತುದಿ ಹಿಡಿದೇ ಇರುತ್ತಾರೆ. ಆದರೂ ಹನ್ನೆರಡು ವರ್ಷದ ಹುಡುಗಿಗೆ ಗೊತ್ತು, ಒಂದು ಜೀವ ತನ್ನನ್ನು ನಂಬಿಕೊಂಡಿದೆ ಅಂತ. ‘ನೀನು ಜಾಣೆ’ ಎಂದು ನೂರು ಸಲ ಹೇಳಿದರೂ ಆಗದ್ದು ಆ ಹತ್ತು ನಿಮಿಷದಲ್ಲಿ ಆಗುವುದನ್ನು ನಾನು ಕಂಡಿದ್ದೇನೆ.

2014ರ ಮೇ 25ರಂದು ಎವರೆಸ್ಟ್ ತುದಿ ಮುಟ್ಟಿದ ಪೂರ್ಣಾ ಮಾಲಾವತ್‌ಗೆ ಆಗ 13 ವರ್ಷ 11 ತಿಂಗಳು. ಈಗಿನ ತೆಲಂಗಾಣದ ನಿಜಾಮಾಬಾದ್ ಜಿಲ್ಲೆಯ ಕೂಲಿ ಕುಟುಂಬದ ಲಂಬಾಣಿ ಹುಡುಗಿ, ಓದುತ್ತಿದ್ದದ್ದು ಸಮಾಜ ಕಲ್ಯಾಣ ವಸತಿ ಶಾಲೆಯಲ್ಲಿ. ಜೊತೆಗೆ ಅಂಥದೇ ಶಾಲೆಯ, ಖಮ್ಮಂ ಕಡೆಯ ಆನಂದ್ ಕುಮಾರ್. ಇಬ್ಬರೂ ಮೊದಲು ಕಲಿತದ್ದು ಅಲ್ಲಿಯದೇ ಭುವನಗಿರಿಯ ಬಂಡೆಯ ಮೇಲೆ. ಆ ಶಾಲೆಗಳ ಹೊಣೆ ಹೊತ್ತಿದ್ದ ಐಪಿಎಸ್ ಅಧಿಕಾರಿ ಆರ್.ಎಸ್. ಪ್ರವೀಣ್ ಕುಮಾರ್ ಈ ಮಕ್ಕಳ ಕೈಲಿ ಆಗುತ್ತದೆ ಎಂದು ನಂಬಿದರು. ಎಲ್ಲರೂ ಎವರೆಸ್ಟ್ ಏರಬೇಕಿಲ್ಲ. ಆದರೆ ಬಂಡೆ ನಮ್ಮಲ್ಲೂ ಇದೆ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳೂ ಇವೆ. ಬಾದಾಮಿಯ ಕೆಂಪು ಗೋಡೆಗಳನ್ನು ಹತ್ತಲು ಹೊರದೇಶದವರು ಹುಡುಕಿಕೊಂಡು ಬರುತ್ತಾರೆ. ಅಲ್ಲಿಂದ ಕೂಗಳತೆಯ ಮಕ್ಕಳಲ್ಲಿ ಎಷ್ಟು ಮಂದಿ ಹಗ್ಗ ಮುಟ್ಟಿದ್ದಾರೆ?

ಸಂಜೆ ಬಂಡೆಯ ನೆರಳಲ್ಲಿ ನಾಟಕ ಕಟ್ಟುತ್ತೇವೆ. ನಾವು ಮಾತು ಬರೆದುಕೊಡುವುದಿಲ್ಲ. ‘ಹಕ್ಕಿ’ಯನ್ನು ‘ಅಕ್ಕಿ’ ಅಂದದ್ದಕ್ಕೆ ಬೈಸಿಕೊಂಡು ಬೈಸಿಕೊಂಡು ಬಾಯಿ ಮುಚ್ಚಿದ ಮಕ್ಕಳು ಇವರು. ಕಳೆದ ವರ್ಷ ಕ್ವಾರಿಗೆ ನುಗ್ಗಿದ ಚಿರತೆಯ ಕಥೆ ಕಟ್ಟಿದರು. ಅದರಲ್ಲಿ ಮುದುಕಿಯಾದ ಹುಡುಗಿ ಚಿರತೆಗೆ ಬೈದ ಬೈಗುಳವೆಲ್ಲ ಅವಳ ಅಜ್ಜಿಯದು! ಆ ಭಾಷೆಯಲ್ಲಿ ಅವಳನ್ನು ತಿದ್ದುವ ಯೋಗ್ಯತೆ ನಮಗ್ಯಾರಿಗೂ ಇರಲಿಲ್ಲ.

ಎಲ್ಲರಿಗೂ ಹೀಗೇ ಆಗುತ್ತದೆ ಎಂದು ಹೇಳಲಾರೆ. ಒಬ್ಬ ಹುಡುಗ ಅರ್ಧಕ್ಕೇ ಅತ್ತು ಇಳಿದ. ಮುಂದಿನ ಎರಡು ಸಲವೂ ಬಂಡೆ ಮುಟ್ಟಲಿಲ್ಲ, ಕೆಳಗೆ ಕೂತು ಹಗ್ಗದ ಸುರುಳಿಗಳ ಚಿತ್ರ ಬರೆದ. ಬರೆಯಲಿ. ಅದಕ್ಕೇ ಒಂದು ದಿನದ ಪಿಕ್‌ನಿಕ್ ಸಾಲದು ಅನ್ನುವುದು. ಅದೇ ಮಕ್ಕಳನ್ನು ಮತ್ತೆ ಮತ್ತೆ ಕರೆದೊಯ್ಯಬೇಕು.

ಮುಂದಿನ ತಿಂಗಳ ಎರಡನೇ ಭಾನುವಾರ ಹೋಗುತ್ತಿದ್ದೇವೆ. ನೀವೂ ಬನ್ನಿ. ಬಿಸ್ಕತ್ತು, ಬ್ಯಾಗು ಬೇಡ. ಸೊಂಟಕ್ಕೆ ಹಾರ್ನೆಸ್ ಪಟ್ಟಿ ಬಿಗಿದುಕೊಂಡು ಬಂಡೆ ಹತ್ತಿ. ಕೆಳಗೆ ಹಗ್ಗ ಹಿಡಿಯುವವರು ಈ ಮಕ್ಕಳೇ. ಕಾಲು ನಡುಗಿದರೆ ಅವರನ್ನು ಕೇಳಿ, ಕೈ ಎಲ್ಲಿಡಬೇಕೆಂದು ಹೇಳುತ್ತಾರೆ.